ಸೀಸ ಬಿಟ್ಟು ತಾಮ್ರ

ಸೊಸೆ ಅನಾಹೆರ ಊಟದ ಮೇಜಿನ ಮೇಲೆ ಎಕ್ಸ್‌ರೇ ಹಾಳೆ ಇಟ್ಟಾಗ ಮರ್ಡೊ ಅದನ್ನು ಹುಟ್ಟಲಿರುವ ಮೊಮ್ಮಗುವಿನ ಚಿತ್ರವೆಂದೇ ತಿಳಿದ. ಕೈ ಒರೆಸಿಕೊಂಡು ಎತ್ತಿದ, ಕಿಟಕಿಯ ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದ.

"ಮೂಗು ನಮ್ಮ ಕಡೇದೇ."

"ಮಾವ, ಅದು ನೀವು ಕೊಟ್ಟ ಜಿಂಕೆ ಕೀಮಾ."

ಅನಾಹೆರ ಟುವಾಟಪೆರೆ ಊರಿನ ದನದ ಡಾಕ್ಟರು. ಒಂದು ಕುರಿನಾಯಿಯ ಕಾಲಿಗೂ ಒಂದು ಬೆಕ್ಕಿನ ಹೊಟ್ಟೆಗೂ ನಡುವೆ ಸಿಕ್ಕ ಬಿಡುವಿನಲ್ಲಿ ಮಾವನ ಕೀಮಾ ಪೊಟ್ಟಣವನ್ನೂ ಯಂತ್ರದಡಿ ಇಟ್ಟಿದ್ದಳು. ಹಾಳೆಯ ತುಂಬ ಬಿಳಿ ಚುಕ್ಕೆಗಳು.

"ಇದೆಲ್ಲ ಸೀಸ. ನಿಮ್ಮ ಗುಂಡಿನ ಮೂತಿ ಮೈಯೊಳಗೆ ಹೋಗಿ ಪುಡಿಯಾಗುತ್ತೆ. ಗಾಯದ ಸುತ್ತ ಎಷ್ಟು ಕೊಯ್ದು ಬಿಸಾಕಿದ್ರೂ ಉಳ್ಕೊಳ್ಳುತ್ತೆ. ಹೊಟ್ಟೇಲಿರೋ ಮಗು ತಲೆಗೆ ಇದು ಒಳ್ಳೇದಲ್ಲ. ನಾನು ತಿನ್ನಲ್ಲ."

"ಐವತ್ತು ವರ್ಷದಿಂದ ಹೊಡೀತಿದೀನಿ. ಯಾರೂ ಸತ್ತಿಲ್ಲ."

"ಜಿಂಕೆಗಳನ್ನ ಬಿಟ್ಟು," ಎಂದಳು ಹೆಂಡತಿ ನೈರಿ, ಆಲೂಗಡ್ಡೆ ಬಡಿಸುತ್ತ.

ಮರ್ಡೊನ ಮಾಂಸ ಬೇಡವೆಂದವರು ಆ ಊರಿನಲ್ಲಿ ಇದುವರೆಗೆ ಯಾರೂ ಇರಲಿಲ್ಲ. ಪಾದ್ರಿಯೇ ಉಪವಾಸದ ಶುಕ್ರವಾರ ಹಿಂಬಾಗಿಲಿಗೆ ಬಂದು ಇಸಿದುಕೊಂಡು ಹೋಗಿದ್ದುಂಟು. ಅಂಥ ಮನೆಗೆ ಸೊಸೆ ಅಂಗಡಿಯಿಂದ ಕೋಳಿ ತರತೊಡಗಿದಳು, ಅದೂ ಪ್ಲಾಸ್ಟಿಕ್ ತಟ್ಟೆಯಲ್ಲಿ. ಅವಳ ಗಂಡ, ಮರ್ಡೊನ ಕಿರಿಮಗ, ಮೀನಿನ ದೋಣಿಯಲ್ಲಿ ಸಮುದ್ರದ ಮೇಲಿದ್ದುದರಿಂದ ದೂರು ಹೇಳಲು ಜನವೂ ಇರಲಿಲ್ಲ. ಮರ್ಡೊ ಮೂರು ದಿನ ಸಹಿಸಿದ. ನಾಲ್ಕನೆಯ ದಿನ ಕೋವಿ ಅಂಗಡಿಗೆ ಹೋದ.

"ಹಂಗಾದ್ರೆ ತಾಮ್ರದ್ದು ತಗೋ," ಎಂದ ಅಂಗಡಿಯ ಗಿಬ್ಬಿ. "ಒಳಗೆ ಹೋಗಿ ಹೂವಿನ ಹಂಗೆ ಬಿರಿಯುತ್ತೆ, ಚೂರಾಗಲ್ಲ. ಆದ್ರೆ ಹಗುರದ್ದೇ ತಗೋ. ತಾಮ್ರದ್ದು ಭಾರ ಆದಷ್ಟೂ ಉದ್ದ ಆಗುತ್ತೆ. ನಿನ್ನ ಹಳೇ ಕೋವಿ ಅದನ್ನ ಬುಗುರಿ ಹಂಗೆ ತಿರುಗಿಸಿ ನೆಟ್ಟಗೆ ಕಳಿಸಲಾರದು."

"ಹಗುರದ್ದು ಮೊಲಕ್ಕೆ," ಎಂದು ಮರ್ಡೊ ಭಾರದ್ದನ್ನೇ ಕೊಂಡ. ಮನೆಯ ಹಿಂದಿನ ಬೇಲಿಗೆ ರಟ್ಟು ಕಟ್ಟಿ ಐದು ಸಲ ಹೊಡೆದ. ಮೂರು ಗುಂಡು ರಟ್ಟಿಗೇ ತಾಗಲಿಲ್ಲ. ತಾಗಿದ ಎರಡು ಅಡ್ಡಡ್ಡ ಹೊರಳಿಕೊಂಡು ಹೋಗಿದ್ದವು. ಹಗುರದ್ದನ್ನು ತರಲು ಮತ್ತೆ ಹೋದಾಗ ಗಿಬ್ಬಿ ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು.

"ಇನ್ನೊಂದು ಮಾತು," ಎಂದ ಗಿಬ್ಬಿ. "ತಾಮ್ರ ಬಿರಿಯೋಕೆ ವೇಗ ಬೇಕು. ನೂರೈವತ್ತು ಗಜದೊಳಗೆ ಹೋಗು. ಪಕ್ಕೆಗಲ್ಲ, ಭುಜಕ್ಕೆ ಹೊಡಿ."

ಹೀಗಾಗಿ ಎಪ್ಪತ್ತೊಂದು ವರ್ಷದ ಮರ್ಡೊ ಭಾನುವಾರ ಬೆಳಿಗ್ಗೆ ಒದ್ದೆ ಹುಲ್ಲಿನಲ್ಲಿ ಹೊಟ್ಟೆ ಎಳೆದುಕೊಂಡು ತೆವಳಬೇಕಾಯಿತು. ಎರಡೂ ಮಂಡಿಗಳು ಅವನೊಂದಿಗೆ ಮಾತು ಬಿಟ್ಟಿದ್ದವು. ಮರಳುನೊಣಗಳು ಅವನ ಕತ್ತಿನ ಮೇಲೆ ಬೆಳಗಿನ ತಿಂಡಿ ಮುಗಿಸುತ್ತಿದ್ದವು. ಬರಬೇಡವೆಂದರೂ ಕೇಳದೆ ಬಂದಿದ್ದ ಅನಾಹೆರ ಐದು ತಿಂಗಳ ಹೊಟ್ಟೆಯ ಮೇಲೆ ಮೊಣಕೈಯೂರಿ ದಿಬ್ಬದಿಂದ ದುರ್ಬೀನು ಹಿಡಿದು ನೋಡುತ್ತಿದ್ದಳು. ಹೆಣ್ಣು ಜಿಂಕೆಯೊಂದು ಕಾಡಿನ ಅಂಚಿನಲ್ಲಿ ಅಡ್ಡಲಾಗಿ ನಿಂತಿತ್ತು. ಮರ್ಡೊ ಉಸಿರು ಹಿಡಿದು ಭುಜಕ್ಕೆ ಗುರಿಯಿಟ್ಟು ಹೊಡೆದ.

ಜಿಂಕೆ ತಲೆಯೆತ್ತಿತು. ಯಾರೋ ಹೆಸರು ಹಿಡಿದು ಕರೆದರೇನೋ ಎಂಬಂತೆ ಒಮ್ಮೆ ಇತ್ತ ನೋಡಿ, ಮರಗಳ ನಡುವೆ ನಡೆದು ಹೋಯಿತು. ಮರ್ಡೊ ತಾಮ್ರಕ್ಕೆ, ಗಿಬ್ಬಿಗೆ, ಗಿಬ್ಬಿಯ ಅಮ್ಮನಿಗೆ ಸೇರಿಸಿ ಬೈದದ್ದನ್ನು ಬರೆಯುವಂತಿಲ್ಲ.

"ಬೈಗುಳ ಮುಗೀತಾ ಮಾವ?" ಅನಾಹೆರ ದಿಬ್ಬ ಇಳಿದು ಬಂದಳು. "ಹತ್ತು ನಿಮಿಷ ಸುಮ್ಮನಿರಿ. ಅದರ ಹೆಜ್ಜೆ ತೊಡರ್ತಿತ್ತು."

ಕಾಡಿನೊಳಗೆ ನಲವತ್ತು ಹೆಜ್ಜೆ ಆಚೆ, ಪಾಚಿಯ ಮೇಲೆ, ಅದು ಬಿದ್ದಿತ್ತು.

ಎರಡು ದಿನ ನೇತುಹಾಕಿದ ಮೇಲೆ ಕೊಟ್ಟಿಗೆಯಲ್ಲಿ ಕೊಯ್ಯುವಾಗ ಆಚೆ ಬದಿಯ ಚರ್ಮದಡಿ ಗುಂಡು ಸಿಕ್ಕಿತು. ನಾಲ್ಕು ಎಸಳು ಬಿರಿದು ನಿಂತಿತ್ತು. ಮರ್ಡೊ ಅದನ್ನು ಅಂಗೈಯಲ್ಲಿಟ್ಟು ಹೆಂಡತಿಯ ಮೂಗಿನವರೆಗೆ ಚಾಚಿದ. "ನೋಡು, ಒಂದು ಚೂರೂ ಉದುರಿಲ್ಲ. ಇನ್ನು ನಮ್ಮ ಮನೇಲಿ ಬಸುರಿ ಹೆಂಗಸು ಎಷ್ಟು ಬೇಕಾದ್ರೂ ತಿನ್ನಬಹುದು."

ನೈರಿ ಕೀಮಾ ಯಂತ್ರ ತಿರುಗಿಸುವುದನ್ನು ನಿಲ್ಲಿಸಿದಳು.

"ಡಂಕನ್ ಹೊಟ್ಟೇಲಿದ್ದಾಗ ನಾನು ದಿನಾ ನಿನ್ನ ಕೀಮಾನೇ ತಿಂತಿದ್ದೆ, ಮರ್ಡೊ."

ಡಂಕನ್ ಅವರ ಹಿರಿಮಗ. ನೆಟ್ಟಗೆ ಓದಲು ಬರದೆಯೇ ಹದಿನೈದಕ್ಕೆ ಶಾಲೆ ಬಿಟ್ಟವನು. ಈಗಲೂ ಪಕ್ಕದ ಊರಿನಲ್ಲಿ ಇನ್ನೊಬ್ಬರ ಹೊಲಕ್ಕೆ ಬೇಲಿ ಕಟ್ಟುತ್ತಾನೆ.

"ಅದಕ್ಕೇ ಹಂಗಾಯ್ತು ಅಂತ ಹೆಂಗೆ ಹೇಳ್ತೀಯ?" ಎಂದ ಮರ್ಡೊ. "ಯಾರಿಗೆ ಗೊತ್ತು?"

"ನನಗೇನೂ ಗೊತ್ತಿಲ್ಲ. ಗೊತ್ತಿದ್ದಿದ್ದು ನಿನಗೆ. ಅವನ ತಲೆ ನನ್ನ ತವರಿನ ಕಡೇದು ಅಂತ ನಲವತ್ತು ವರ್ಷ ಹೇಳಿದೀಯಲ್ಲ, ಅವನ ಎದುರಿಗೇ."

ಯಂತ್ರ ಮತ್ತೆ ತಿರುಗತೊಡಗಿತು. ಮರ್ಡೊ ಒಳ್ಳೆಯ ತೊಡೆಯೊಂದನ್ನು ಆರಿಸಿ, ಕಾಗದದಲ್ಲಿ ಸುತ್ತಿ, ದಾರ ಕಟ್ಟಿ, ಮೇಲೆ ಡಂಕನ್ ಎಂದು ಬರೆದ. ಆಮೇಲೆ ದಾರ ಬಿಚ್ಚಿ, ಇನ್ನೊಂದು ತೊಡೆಯನ್ನೂ ಸೇರಿಸಿ ಸುತ್ತಿದ.