ನಲವತ್ತು ತಲೆಯ ಬಸ್ಸು

ಬೆಳಗ್ಗೆ ಎಂಟಕ್ಕೆಲ್ಲ ಬಡಾವಣೆಯ ಬಸ್ ಸ್ಟಾಪಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಲ್ಲಿ ನಿಂತಿದ್ದ ನಲವತ್ತು ಜನರಲ್ಲಿ ಒಬ್ಬರಿಗಾದರೂ ಅಂದು ಪೇಟೆಯಲ್ಲಿ ಕೆಲಸವಿದ್ದರೆ ಕೇಳಿ. ಎಲ್ಲರೂ ಸುಮ್ಮನೆ ಹೋಗಿ ಸುಮ್ಮನೆ ಬರಲು ಹೊರಟವರು. ಹೊಸ ಬಸ್ಸಿನ ಪ್ರಯೋಗದ ತಿಂಗಳು ಅಂದಿಗೆ ಮುಗಿಯುತ್ತಿತ್ತು. ಚೆಕ್ಕಿಂಗ್ ಸಾಹೇಬರು ದಾರಿಯಲ್ಲಿ ಹತ್ತಿ ತಲೆ ಎಣಿಸುತ್ತಾರಂತೆ, ನಲವತ್ತಿದ್ದರೆ ಬಸ್ಸು ಉಳಿಯುತ್ತದಂತೆ, ಒಂದು ಕಮ್ಮಿಯಾದರೂ ನಾಳೆಯಿಂದ ಬರುವುದಿಲ್ಲವಂತೆ. ಹಾಗೆಂದು ಕಂಡಕ್ಟರನೇ ಹಿಂದಿನ ದಿನ ಹೊಲಿಗೆಯಕ್ಕನ ಕಿವಿಯಲ್ಲಿ ಊದಿದ್ದ.

ಹದಿನೆಂಟು ವರ್ಷ ಕಿಟಕಿ ಪಕ್ಕ ಕೂತು ಬೀದಿಯವರ ಹರಿದ ಪ್ಯಾಂಟು, ಕಿತ್ತ ಜಿಪ್ಪು ಸರಿಮಾಡಿದ ಈ ಹೊಲಿಗೆಯಕ್ಕನನ್ನು ಪೇಟೆಯ ದೊಡ್ಡ ಬಟ್ಟೆ ಅಂಗಡಿಯವರು ಕಟಿಂಗ್ ಕೆಲಸಕ್ಕೆ ಕರೆದಿದ್ದರು. ಸೋಮವಾರದಿಂದ, ಒಂಬತ್ತಕ್ಕೆ ಸರಿಯಾಗಿ. ಇಲ್ಲದಿದ್ದರೆ ಮೇನ್ ರೋಡಿಗೆ ಮೂರು ಮೈಲಿ ನಡಿಗೆ, ಅಲ್ಲಿಂದ ಮುಂದೆ ಇನ್ನೊಂದು ಬಸ್ಸು. ಈ ಬಸ್ಸು ನಿಂತರೆ ಆ ಕೆಲಸ ಕನ್ನಡಿಯೊಳಗಿನ ಗಂಟೇ ಸರಿ. ಪಕ್ಕದ ಮನೆಯ ರಿಟೈರ್ಡ್ ಲೆಕ್ಕದ ಮೇಷ್ಟ್ರ ಮುಂದೆ ಅವಳು ಕಣ್ಣೀರು ಹಾಕಿದ್ದಳು. "ಅಳ್ಬೇಡಮ್ಮ, ತಲೆ ಎಣಿಸೋದು ನನಗೆ ಬಿಡು" ಎಂದು ಅವರು ಅಂದು ಸಂಜೆಯೇ ಮನೆಮನೆ ಸುತ್ತಿ ಪಟ್ಟಿ ಮಾಡಿದ್ದರು. ಮೊದಲನೆಯ ಹೆಸರು ತಮ್ಮದೇ.

"ಎಲ್ರ ಕೈಯಲ್ಲೂ ಒಂದೊಂದು ಚೀಲ ಇರ್ಲಿ," ಮೇಷ್ಟ್ರು ಸ್ಟಾಪಿನಲ್ಲಿ ನಿಂತು ಪಾಠ ಶುರುಮಾಡಿದರು. "ಎಲ್ಲಿಗೆ ಹೋಗ್ತಿದೀರ ಅಂತ ಸಾಹೇಬ್ರು ಕೇಳಿದ್ರೆ ತಡವರಿಸ್ಬೇಡಿ. ಉದಾಹರಣೆಗೆ, ಹಲ್ಲಿನ ಡಾಕ್ಟ್ರ ಹತ್ರ ಅನ್ನಿ. ಗೊತ್ತಾಯ್ತಾ?"

"ಗೊತ್ತಾಯ್ತು ಸಾರ್" ಎಂದು ಇಡೀ ಬಡಾವಣೆ ರಾಗ ಎಳೆಯಿತು.

ಬಸ್ಸು ಬಂತು. ಮೇಷ್ಟ್ರು ಹೊಲಿಗೆಯಕ್ಕನ ಪಕ್ಕದ ಸೀಟಿನ ಮೇಲೆ ತಮ್ಮ ಚೀಲ ಹಾಕಿ ಜಾಗ ಹಿಡಿದು, ಕೆಳಗಿಳಿದು ಬಾಗಿಲ ಬಳಿ ನಿಂತು ಒಬ್ಬೊಬ್ಬರಿಗೂ ಟಿಕ್ ಹಾಕತೊಡಗಿದರು. ಮೂರು ವರ್ಷದಿಂದ ಗೇಟು ದಾಟದ ಮೂಲೆ ಮನೆಯ ಅಜ್ಜಿ ಮದುವೆಗೆ ಹೊರಟವಳ ಹಾಗೆ ಸಿಂಗರಿಸಿಕೊಂಡು ಹತ್ತಿದಳು. ಕಾಂಪೌಂಡ್ ಗೋಡೆಯ ಜಗಳದಲ್ಲಿ ಐದು ವರ್ಷ ಮಾತು ಬಿಟ್ಟಿದ್ದ ಇಬ್ಬರು ಯಜಮಾನರಿಗೆ ಒಂದೇ ಸೀಟು ಸಿಕ್ಕಿ, ಬೇರೆ ದಾರಿಯಿಲ್ಲದೆ ಒಬ್ಬರ ಮೇಲೊಬ್ಬರು ಒರಗಿ ಕೂತರು. ಪಟ್ಟಿ ಮುಗಿಯಿತು. ನಲವತ್ತಕ್ಕೆ ನಲವತ್ತು. ಮೇಷ್ಟ್ರ ಮುಖ ಅರಳಿತು. ಬಾಗಿಲು ಮುಚ್ಚಿತು, ಬಸ್ಸು ಹೊರಟಿತು. ಮೇಷ್ಟ್ರು ರಸ್ತೆಯಲ್ಲಿ ನಿಂತು ಕೈಬೀಸಿದರು. ಒಳಗಿದ್ದವರೆಲ್ಲ ಕಿಟಕಿಯಿಂದ ಕೈ ಹೊರಹಾಕಿ, ಖುಷಿಯೋ ಖುಷಿಯಲ್ಲಿ ಅವರಿಗೆ ಟಾಟಾ ಮಾಡಿದರು.

ಜಂಕ್ಷನ್ನಿನಲ್ಲಿ ಚೆಕ್ಕಿಂಗ್ ಸಾಹೇಬರು ಹತ್ತಿದರು. ಕಿವಿಯ ಮೇಲೆ ಪೆನ್ನು, ಮುಖದಲ್ಲಿ ನಗುವಿನ ಸುಳಿವೂ ಇಲ್ಲ. "ತಾವು ಎಲ್ಲಿಗೆ?" ಎಂದು ಮೊದಲ ಸೀಟಿನವರನ್ನು ಕೇಳಿದರು.

"ಹಲ್ಲಿನ ಡಾಕ್ಟ್ರ ಹತ್ರ ಸಾರ್."

"ತಾವು?"

"ನಾನೂ ಅಲ್ಲಿಗೇ."

ಮಾತು ಬಿಟ್ಟಿದ್ದ ಯಜಮಾನರಿಬ್ಬರೂ "ಹಲ್ಲಿನ ಡಾಕ್ಟ್ರು" ಎಂದು ಒಂದೇ ಉಸಿರಿಗೆ ಹೇಳಿ, ಒಬ್ಬರನ್ನೊಬ್ಬರು ನೋಡಿ ಕಿಸಕ್ಕೆಂದರು. ಹನ್ನೊಂದನೆಯವರಿಗೂ ಹಲ್ಲುನೋವೇ. ಸಾಹೇಬರು ಅಜ್ಜಿಯ ಮುಂದೆ ನಿಂತರು.

"ಅಜ್ಜಿ, ನಿಮ್ಮ ಬಾಯಲ್ಲಿ ಒಂದು ಹಲ್ಲೂ ಕಾಣ್ತಿಲ್ಲವಲ್ಲ."

"ಅದಕ್ಕೇ ಹೋಗ್ತಿರೋದು ಕಣಪ್ಪ."

ಬಸ್ಸಿಗೆ ಬಸ್ಸೇ ಬಾಯಿಗೆ ಸೆರಗು, ಕರ್ಚೀಫು ಒತ್ತಿಕೊಂಡಿತು. ನೋಡಿದವರು ನಿಜವಾಗಿ ಹಲ್ಲುನೋವೇ ಅನ್ನಬೇಕು. ಸಾಹೇಬರು ಮಾತ್ರ ಗಂಭೀರವಾಗಿ ಹಿಂದಿನಿಂದ ಮುಂದಕ್ಕೆ ಎಣಿಸುತ್ತ ಬಂದರು. ನಿಂತರು. ಮುಂದಿನಿಂದ ಹಿಂದಕ್ಕೆ ಇನ್ನೊಮ್ಮೆ ಎಣಿಸಿದರು.

"ಮೂವತ್ತೊಂಬತ್ತು," ಅಂದರು. "ಒಂದು ಕಮ್ಮಿ."

ಹೊಲಿಗೆಯಕ್ಕ ಪಕ್ಕದ ಸೀಟು ನೋಡಿದಳು. ಚೀಲವಿತ್ತು, ಮೇಷ್ಟ್ರಿರಲಿಲ್ಲ. ತಾನೂ ಎರಡೂ ಕೈ ಎತ್ತಿ ಅವರಿಗೆ ಟಾಟಾ ಮಾಡಿದ್ದು ಆಗ ನೆನಪಾಯಿತು. ಎಲ್ಲರಿಗೂ ಒಟ್ಟಿಗೇ ನೆನಪಾಗಿರಬೇಕು, ನಗು ಅಲ್ಲಲ್ಲೇ ಆರಿಹೋಯಿತು. ಅಜ್ಜಿಯೊಬ್ಬಳೇ "ಅಯ್ಯೋ, ಲೆಕ್ಕ ಹಾಕ್ದೋನೇ ಲೆಕ್ಕಕ್ಕೆ ಬರ್ಲಿಲ್ವೇ" ಎಂದು ಗೊಣಗಿದಳು.

"ನಿಮಗೂ ಹಲ್ಲುನೋವೇನಮ್ಮ?" ಸಾಹೇಬರು ಹೊಲಿಗೆಯಕ್ಕನನ್ನು ಕೇಳಿದರು.

ಅವಳಿಗೆ ಸುಳ್ಳು ಬಾಯಿಗೆ ಬರಲಿಲ್ಲ. "ಇಲ್ಲ ಸಾರ್. ನಂಗೆ ಪೇಟೇಲಿ ಕೆಲಸ ಸಿಕ್ಕಿದೆ, ಸೋಮವಾರದಿಂದ. ಈ ಬಸ್ಸಿದ್ರೆ ಮಾತ್ರ ಹೋಗಕ್ಕಾಗೋದು. ಇವರಿಗ್ಯಾರಿಗೂ ಏನೂ ನೋವಿಲ್ಲ. ನನಗೋಸ್ಕರ ಬಂದಿದಾರೆ." ಹೇಳಿದವಳೇ ತಲೆ ತಗ್ಗಿಸಿದಳು. ಎಲ್ಲ ಹಾಳುಮಾಡಿಬಿಟ್ಟೆ ಅನ್ನಿಸಿತು.

ಸಾಹೇಬರು ಕೈಯಲ್ಲಿದ್ದ ಕಾಗದ ನೋಡಿದರು, ಕಿಟಕಿಯಾಚೆ ನೋಡಿದರು, ಅಜ್ಜಿಯ ಸಿಂಗಾರ ನೋಡಿದರು. ಆಮೇಲೆ ಮೇಷ್ಟ್ರ ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡು ಆ ಸೀಟಿನಲ್ಲಿ ಕೂತರು.

"ಒಂದು ಟಿಕೆಟ್ ಕೊಡಪ್ಪ," ಎಂದು ಕಂಡಕ್ಟರನ ಕಡೆ ಕೈ ಚಾಚಿದರು.

ಕಂಡಕ್ಟರ್ ಕಣ್ಣು ಕಣ್ಣು ಬಿಟ್ಟ. "ನಿಮಗಾ? ಎಲ್ಲಿಗೆ ಸಾರ್?"

ಸಾಹೇಬರು ನಿಧಾನವಾಗಿ ಒಂದು ಕೈಯನ್ನು ಕೆನ್ನೆಗೆ ಒತ್ತಿಕೊಂಡರು.

"ಹಲ್ಲಿನ ಡಾಕ್ಟ್ರ ಹತ್ರ."