ಬದುವಿನ ಮೇಲಿನ ಚೀಲಗಳು

ಪಕ್ಕದ ಚನವೀರಪ್ಪನ ಹೊಲದ ಗೋವಿನಜೋಳ ಕಪ್ಪುಹಸಿರಾಗಿ ಎದೆಯೆತ್ತರ ಬೆಳೆದಿತ್ತು. ನನ್ನದು ಮೊಣಕಾಲಿಗೆ ಬಂದು ಹಳದಿಯಾಗಿ ನಿಂತಿತ್ತು. ಏನು ಹಾಕಿದೆ ಎಂದು ಅವನನ್ನು ಕೇಳಲು ಅಭಿಮಾನ ಬಿಡಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಅವನ ಬದುವಿನ ಮೇಲೆ ಆನೆ ಚಿತ್ರದ ಖಾಲಿ ಗೊಬ್ಬರದ ಚೀಲಗಳು ಬಿದ್ದಿದ್ದವು. ಆ ದಾರಿಯಲ್ಲಿ ಓಡಾಡುವ ಊರಿನವರೆಲ್ಲ ಅವನ್ನು ನೋಡಿದ್ದರು.

ಮರುದಿನ ಗೊಬ್ಬರದ ಅಂಗಡಿಯ ಮುಂದೆ ಉದ್ದನೆಯ ಪಾಳಿ. ನಾನೂ ನಿಂತೆ.

"ಮಣ್ಣು ಪರೀಕ್ಷೆ ಚೀಟ್ಯಾಗ ನಿಮ್ಮ ಹೊಲಕ್ಕ ಇದು ಬ್ಯಾಡ ಅಂತ ಬರದಾರಲ್ರಿ," ಎಂದ ಅಂಗಡಿಯವನು.

"ಚೀಟಿ ಅತ್ಲಾಗಿಡ್ರಿ. ಕಣ್ಣಾರೆ ಬೆಳಿ ನೋಡೇನಿ. ಆನಿ ಚೀಲಾನ ಕೊಡ್ರಿ."

ಚೀಲ ಹೊತ್ತು ಹೊರಬಂದರೆ ಪಾಳಿಯ ತುದಿಯಲ್ಲಿ ಚನವೀರಪ್ಪನೇ ನಿಂತಿದ್ದ.

"ಮತ್ತೊಮ್ಮೆ ಹಾಕ್ತೀಯೇನೋ?" ಎಂದೆ.

"ಮತ್ತೊಮ್ಮೆ ಎಲ್ಲಿ ಬಂತು? ಇದ ಮೊದಲ ಸಲ. ತಿಪ್ಪಿಗೊಬ್ಬರ ಬಿಟ್ಟು ನಾ ಏನೂ ಹಾಕಿಲ್ಲ."

"ಹಂಗಾರ ಬದುವಿನ ಮ್ಯಾಲಿನ ಆ ಚೀಲ?"

"ತಿಪ್ಪಿಗೊಬ್ಬರ ಹೊರಾಕ ಸಂತ್ಯಾಗ ಖಾಲಿ ಚೀಲ ತಂದಿದ್ದೆ."

ಹೆಗಲ ಮೇಲಿನ ಚೀಲ ಇಳಿಸಲೂ ಆಗಲಿಲ್ಲ, ಹೊತ್ತು ನಡೆಯಲೂ ಆಗಲಿಲ್ಲ.

"ಮತ್ತ ಇಲ್ಲ್ಯಾಕ ನಿಂತಿ?"

ಅವನು ಪಾಳಿಯನ್ನು ಉದ್ದಕ್ಕೂ ನೋಡಿದ.

"ಊರ ಮಂದೆಲ್ಲಾ ಇದನ್ನ ಒಯ್ಯಾಕ ಹತ್ತ್ಯಾರಲ್ಲೋ. ನಾನೊಬ್ಬಾಂವ ಬಿಟ್ರ ಹೆಂಗ?"