ಅಲುಗುವ ಮೇಜು

"ಇದನ್ನ ಹಾಳೆ ಮೇಲಿಟ್ಟು ಮೇಲಿಂದ ಕೆಳಕ್ಕೆ ಎಳೀಬೇಕು, ಅಷ್ಟೇ ಸರ್," ಎಂದು ಅಂಗಡಿಯವನು ಉದ್ದನೆಯ ಕೋಲಿನಂಥ ಸ್ಕ್ಯಾನರ್ ಮುಂದೆ ಚಾಚಿದ. ಬಡಗಿ ಪಕ್ಕದಲ್ಲಿದ್ದ ಹೆಂಡತಿಯತ್ತ ಕಳ್ಳನೋಟ ಬೀರಿ, ಬಲಗೈಯನ್ನು ಜೇಬಿನಿಂದ ತೆಗೆಯಲೋ ಬೇಡವೋ ಎಂದು ಹಿಂದೆಮುಂದೆ ನೋಡಿದ.

ಮರದ ಬೀರು ಬೇಕೆಂದು ಯಾರಾದರೂ ಕರೆದಾಗ ಆಗೊಮ್ಮೆ ಈಗೊಮ್ಮೆ ಪರ ಊರಿಗೆ ಹೋಗಿ, ಗೋಡೆಯ ಅಳತೆ ತೆಗೆದು, ನಕ್ಷೆ ಬರೆದು, ಅದರ ಫೋಟೋ ಹೊಡೆದು ಮನೆಗೆ ಕಳಿಸುವುದು ಅವನ ಪಾಲಿನ ಕೆಲಸ. ಅದನ್ನು ನೋಡಿ ಹಲಗೆ ಕೊಯ್ಯುವುದು ಅವಳ ಪಾಲಿನದು. ಈಚೆಗೆ ಫೋಟೋಗಳೆಲ್ಲ ಕಲಸಿಹೋಗುತ್ತಿದ್ದವು. "ಫೋನಿಗೆ ಪೊರೆ ಬಂದಿದೆ ಕಣೆ," ಎಂದು ಅವನು ತಪ್ಪನ್ನೆಲ್ಲ ಪಾಪದ ಫೋನಿನ ತಲೆಗೆ ಕಟ್ಟಿದ್ದ. ಅದಕ್ಕೇ ಈಗ ಸ್ಕ್ಯಾನರ್ ಕೊಳ್ಳಲು ಬಂದಿದ್ದರು. ಕೈ ನಡುಗುತ್ತದೆ ಎಂದು ಬಾಯಿ ಬಿಟ್ಟರೆ ಈ ಮಹಾರಾಯಿತಿ ಹೊಸ್ತಿಲು ದಾಟಲು ಬಿಟ್ಟಾಳೆಯೇ? ಹೊಸ ಊರು, ಹೊಸ ಗೋಡೆ ಕಾಣದೆ ಅವನಿಗೆ ಬದುಕೇ ಸಪ್ಪೆ.

ವಿಧಿಯಿಲ್ಲದೆ ಎಳೆದ. ಪರದೆಯ ಮೇಲೆ ಮೂಡಿದ ಅಕ್ಷರಗಳು ಕುಡಿದವರಂತೆ ತೂರಾಡಿದವು.

"ಸರ್, ಕೈ ಸ್ವಲ್ಪ..." ಎಂದು ಅಂಗಡಿಯವನು ಬಾಯಿ ತೆರೆದ. ಬಡಗಿ ಕೈಯನ್ನು ಸರಕ್ಕನೆ ಜೇಬಿಗೆ ತುರುಕಿದ.

"ಮೇಜು ಅಲುಗ್ತಿದೆಯಲ್ರೀ!" ಎಂದಳು ಹೆಂಡತಿ.

ಅಂಗಡಿಯವನು ಮೇಜನ್ನು ಒತ್ತಿ ನೋಡಿದ. ಅದು ಬಂಡೆಯ ಹಾಗೆ ಕೂತಿತ್ತು. "ಇಲ್ವಲ್ಲಮ್ಮ, ಗಟ್ಟಿಯಾಗೇ ಇದೆ."

"ಮರಗೆಲಸದವರಿಗೇ ಮೇಜಿನ ಪಾಠ ಹೇಳ್ತೀರಾ? ಅಲುಗ್ತಿದೆ ಅಂದ್ರೆ ಅಲುಗ್ತಿದೆ. ಹಾಳೆ ತಾನೇ ಒಳಕ್ಕೆ ಎಳ್ಕೊಳ್ಳೋ ಮಿಷನ್ ಇದ್ರೆ ತೋರಿಸಿ. ಇವರು ಹೋಗೋ ಮನೆಗಳಲ್ಲಿ ಎಂತೆಂಥ ಮೇಜು ಇರುತ್ತೋ ಏನೋ."

"ಅದು ಭಾರ ಕಣೆ," ಎಂದು ಬಡಗಿ ಮಾತಿಗೊಂದು ಮಾತು ಸೇರಿಸಿದ. ಒಳಗೊಳಗೇ ಹೋದ ಜೀವ ಬಂದಂತಾಗಿತ್ತು.

"ಯಾವಾಗ್ಲೋ ಒಂದ್ಸಲ ಹೊರೋದು ತಾನೇ? ಹೊರ್ತೀರಿ ಬಿಡಿ."

ಅಂಗಡಿಯವನು ತಂದಿಟ್ಟ ಯಂತ್ರ, ಅವರು ಜೊತೆಗೆ ತಂದಿದ್ದ ನಕ್ಷೆಯನ್ನು ಗುಳುಂ ಎಂದು ನುಂಗಿ ಆ ಕಡೆ ಉಗುಳಿತು. ಒಂದೊಂದು ಅಂಕಿಯೂ ಸ್ಪಷ್ಟ. ಅದನ್ನೇ ಕಟ್ಟಿಸಿಕೊಂಡು ಇಬ್ಬರೂ ಹೊರಬಿದ್ದರು. ತನ್ನ ಗುಟ್ಟು ಉಳಿಯಿತೆಂದು ಬಡಗಿ ಶಿಳ್ಳೆ ಹಾಕುವುದೊಂದು ಬಾಕಿ. ಆದರೂ ಮರದ ವಿಷಯ, ಮನಸ್ಸು ತಡೆಯಲಿಲ್ಲ.

"ಅಲ್ಲ ಕಣೆ, ಆ ಮೇಜು ನಿಜವಾಗ್ಲೂ ಅಲುಗ್ತಿತ್ತಾ?"

"ಇಲ್ಲ."

ಅವನ ಕಾಲು ಅಲ್ಲೇ ನಿಂತಿತು. "ಹಾಗಾದ್ರೆ... ಯಾವಾಗಿಂದ ಗೊತ್ತು ನಿಂಗೆ?"

"ನಿಮ್ಮ ನಕ್ಷೇಲಿ ಗೆರೆ ಸೊಟ್ಟ ಆಗೋಕೆ ಶುರುವಾಯ್ತಲ್ಲ, ಆವಾಗಿಂದ."

"ನಕ್ಷೇಲೂ ಸೊಟ್ಟನಾ? ಮತ್ತೆ ಇಷ್ಟು ದಿನ ಮಾಡಿದ ಬೀರುಗಳೆಲ್ಲ?"

ರಸ್ತೆ ದಾಟಬೇಕಿತ್ತು. ಜೇಬಿನಲ್ಲಿ ಅವಿತಿದ್ದ ಆ ಬಲಗೈಯನ್ನು ಅವಳು ಹೊರಗೆಳೆದು, ತನ್ನ ಒರಟು ಅಂಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

"ಒಂದಾದ್ರೂ ಸೊಟ್ಟ ಬಂತಾ?"